ಗದ್ದಕ್ಕೆ ನಾಲ್ಕು ಹೊಲಿಗೆ, ಬಿಲ್ಲು 2,900 ಡಾಲರ್

ಎರಡು ತಿಂಗಳಿಂದ ಹೊಟ್ಟೇಲಿಟ್ಕೊಂಡು ಕೂತಿದ್ದೆ, ಇವತ್ತು ಅದೇ ವಿಷಯಕ್ಕೆ ಇನ್ನೊಂದು ಬಿಲ್ ಬಂತು, ಇನ್ನು ತಡ್ಕೊಳಕ್ಕಾಗಲ್ಲ.

ನಾವಿರೋದು ಟೆಕ್ಸಾಸಲ್ಲಿ, ಡಲ್ಲಾಸ್ ಹತ್ರ. ಶನಿವಾರ ಸಂಜೆ ಏಳೂವರೆಗೆ ಆರು ವರ್ಷದ ಮಗ ಬಾತ್‌ರೂಮಲ್ಲಿ ಜಾರಿ ಟಬ್ ಅಂಚಿಗೆ ಗದ್ದ ಹೊಡ್ಕೊಂಡ, ಚರ್ಮ ಬಾಯಿ ಬಿಟ್ಕೊಂಡಿತ್ತು, ಟವೆಲ್ ಎಲ್ಲಾ ರಕ್ತ. ನಮ್ಮ ಪ್ರೈಮರಿ ಡಾಕ್ಟರಿಗೆ ಫೋನ್ ಮಾಡಿದ್ರೆ ರೆಕಾರ್ಡಿಂಗು, ಎಮರ್ಜೆನ್ಸಿ ಆಗಿದ್ರೆ 911ಕ್ಕೆ ಮಾಡಿ, ಇಲ್ಲಾಂದ್ರೆ ಸೋಮವಾರ ಮಾಡಿ ಅಂತ. ಅಲ್ರೀ, ಇದು ಎಮರ್ಜೆನ್ಸಿನಾ ಅಲ್ವಾ ಅಂತ ಗೊತ್ತಾಗ್ದೆ ತಾನೇ ನಾನು ಫೋನ್ ಮಾಡಿದ್ದು!

ಸರಿ, ಅರ್ಜೆಂಟ್ ಕೇರ್‌ಗೆ ಓಡಿದ್ವಿ, ಅಪಾಯಿಂಟ್‌ಮೆಂಟ್ ಇಲ್ದೆ ಸಣ್ಣಪುಟ್ಟ ಗಾಯ, ಜ್ವರ ನೋಡೋ ಕ್ಲಿನಿಕ್ಕು ಅದು, ಎಂಟಕ್ಕೆ ಬಾಗ್ಲು ಹಾಕ್ತಾರೆ, ಹತ್ತು ನಿಮಿಷ ಇತ್ತು. ಅಲ್ಲಿ ಹೋದ್ರೆ ಟವೆಲ್ ಸರಿಸಿ ನೋಡಿ, ಮಕ್ಕಳ ಮುಖಕ್ಕೆ ನಾವು ಹೊಲಿಗೆ ಹಾಕಲ್ಲ, ಇಆರ್‌ಗೆ, ಅಂದ್ರೆ ಎಮರ್ಜೆನ್ಸಿ ರೂಮಿಗೆ, ಕರ್ಕೊಂಡ್ ಹೋಗಿ ಅಂದ್ರು. ಯಾವ ಇಆರ್, ಎಲ್ಲಿ, ಅದೆಲ್ಲ ಹೇಳಲ್ಲ. ಮಗು ಅಳ್ತಿದೆ, ಇವಳು ಅಳ್ತಿದಾಳೆ, ರಸ್ತೆ ಆ ಕಡೆ ಕೆಂಪು ಅಕ್ಷರದಲ್ಲಿ ಎಮರ್ಜೆನ್ಸಿ ಅಂತ ಬೋರ್ಡು ಕಾಣ್ತು, ಪಿಜ್ಜಾ ಅಂಗಡಿ ಪಕ್ಕದಲ್ಲೇ, ನುಗ್ಗಿದ್ವಿ. ಖಾಲಿ ಇತ್ತು, ಒಳ್ಳೇ ಸೋಫಾ, ಹದಿನೈದು ನಿಮಿಷದಲ್ಲಿ ಡಾಕ್ಟ್ರು ಬಂದ್ರು, ನಾಲ್ಕು ಹೊಲಿಗೆ ಹಾಕಿ ಕಳಿಸಿದ್ರು. ಹೊಲಿಗೆ ಹಾಕಿದವರ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ, ಮಗೂನ ಎಷ್ಟು ಚೆನ್ನಾಗಿ ಮಾತಾಡಿಸ್ಕೊಂಡು ಹಾಕಿದ್ರು.

ಬಿಲ್ಲು 2,900 ಡಾಲರ್. ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಫೆಸಿಲಿಟಿ ಫೀ, ಅಂದ್ರೆ ಆ ಬಾಗ್ಲು ದಾಟಿದ್ದಕ್ಕೆ. ಅರ್ಜೆಂಟ್ ಕೇರಲ್ಲಿ ಆಗಿದ್ರೆ ನಮ್ ಇನ್ಶೂರೆನ್ಸ್ ಪ್ಲಾನಲ್ಲಿ 50 ಡಾಲರ್ ಕೋಪೇ, ಅಂದ್ರೆ ನಮ್ಮ ಕೈಯಿಂದ ಕಟ್ಟೋ ಪಾಲು, ಅಷ್ಟೇ, ಮುಗೀತು.

ಆಮೇಲೆ ಓದ್ಕೊಂಡಿದ್ದು ಇದೆಲ್ಲ. ಟೆಕ್ಸಾಸಲ್ಲಿ 2009ರ ಕಾನೂನಿನ ಪ್ರಕಾರ ಆಸ್ಪತ್ರೆ ಇಲ್ದೆ ಬರೀ ಇಆರ್ ಒಂದನ್ನೇ ಲೈಸೆನ್ಸ್ ತಗೊಂಡು ನಡೆಸ್ಬಹುದು, ಅದಕ್ಕೇ ಶಾಪಿಂಗ್ ಸೆಂಟರ್‌ಗಳಲ್ಲೆಲ್ಲ ಇವು. ನೋಡೋಕೆ ಅರ್ಜೆಂಟ್ ಕೇರ್ ತರಾನೇ, ರೇಟು ಮಾತ್ರ ದೊಡ್ಡಾಸ್ಪತ್ರೆ ಇಆರ್‌ದು. ಇದು ಇಆರ್, ರೇಟು ಹಿಂಗಿರುತ್ತೆ ಅಂತ ನೋಟಿಸ್ ಹಾಕಿರ್ಬೇಕು. ಹಾಕಿದ್ರು, ಸುಳ್ಳು ಹೇಳಲ್ಲ. ರಕ್ತ ಸುರಿಸ್ಕೊಂಡಿರೋ ಮಗೂನ ಎತ್ಕೊಂಡು ನಿಂತು ಗೋಡೆ ಮೇಲಿನ ನೋಟಿಸ್ ಓದೋ ಅಪ್ಪ ಯಾರಿದಾನೆ ಹೇಳಿ ನೋಡೋಣ?

ಎಮರ್ಜೆನ್ಸಿಗೆ ಹೋದಾಗ, ಈ ಜಾಗ ನಿಮ್ ನೆಟ್‌ವರ್ಕ್ ಒಳಗಿಲ್ಲ, ಅಂದ್ರೆ ನಿಮ್ ಇನ್ಶೂರೆನ್ಸ್ ಜೊತೆ ರೇಟಿನ ಒಪ್ಪಂದ ಇಲ್ಲ, ಅಂತ ಹೆಚ್ಚಿಗೆ ವಸೂಲಿ ಮಾಡ್ಬಾರ್ದು ಅಂತ 2022ರ ಜನವರಿಯಿಂದ ದೇಶಕ್ಕೆಲ್ಲ ಕಾನೂನು ಬಂದಿದೆ, ನೋ ಸರ್ಪ್ರೈಸಸ್ ಆಕ್ಟ್. ನಾನೂ ಖುಷಿಯಿಂದ ಇನ್ಶೂರೆನ್ಸ್‌ಗೆ ಫೋನ್ ಮಾಡ್ದೆ, ನಲವತ್ತು ನಿಮಿಷ ಹೋಲ್ಡಲ್ಲಿ ಕಾದೆ. ಸರ್, ಇದು ನೆಟ್‌ವರ್ಕ್ ರೇಟೇ, ನಿಮ್ ಡಿಡಕ್ಟಿಬಲ್ ಇನ್ನೂ ಮುಗಿದಿಲ್ಲ, ನೀವೇ ಕಟ್ಬೇಕು ಅಂದ್ರು. ಡಿಡಕ್ಟಿಬಲ್ ಅಂದ್ರೆ ಇನ್ಶೂರೆನ್ಸ್‌ನೋರು ಕೊಡೋಕೆ ಶುರು ಮಾಡೋ ಮುಂಚೆ ಪ್ರತಿ ವರ್ಷ ನಾವೇ ಕಟ್ಟಿ ಮುಗಿಸ್ಬೇಕಾದ ಮೊತ್ತ.

ಊರಲ್ಲಿ, ದಾವಣಗೆರೇಲಿ, ನಮ್ಮ ಬೀದಿ ಕೊನೇಲಿ ಡಾಕ್ಟ್ರು ಇದ್ರು. ನೆಗಡಿ ಆದ್ರೂ ಅಲ್ಲೇ, ಸೈಕಲ್ ಇಂದ ಬಿದ್ದು ಮೊಣಕಾಲು ಹರ್ಕೊಂಡ್ರೂ ಅಲ್ಲೇ. ಅವರು ನೋಡಿ, ಇದು ನನ್ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂತ ಚೀಟಿ ಬರ್ಕೊಡ್ತಿದ್ರು. ಎಲ್ಲಿಗೆ ಹೋಗ್ಬೇಕು ಅಂತ ಹೇಳೋದು ಡಾಕ್ಟರ್ ಕೆಲ್ಸ ಆಗಿತ್ತು. ಇಲ್ಲಿ ಆ ಕೆಲ್ಸ ನಂದು, ತಪ್ಪಾದ್ರೆ ದುಡ್ಡೂ ನಂದು. ನಾನು ಸಾಫ್ಟ್‌ವೇರ್ ಬರ್ಯೋನು ಕಣ್ರೀ, ಗಾಯದ ಆಳ ನಂಗೇನ್ ಗೊತ್ತು.

ಕಳ್ದ ವಾರ ರಾತ್ರಿ ಹನ್ನೊಂದಕ್ಕೆ ಇವಳು ಎದೆ ಹಿಡ್ಕೊಂಡ್ಲು, ಬೆನ್ನಿಗೂ ನೋವು ಅಂದ್ಲು. ನಡಿ ಇಆರ್‌ಗೆ ಅಂತ ಕಾರ್ ಕೀ ತಗೊಂಡೆ. ಬೇಡ ರೀ, ಗ್ಯಾಸ್ಟ್ರಿಕ್ ಇರ್ಬೇಕು, ಇನ್ನೊಂದು 2,900 ಎಲ್ಲಿಂದ ತರೋದು ಅಂದ್ಲು. ಎದೆನೋವಿಗೆ ಹೋಗಿ ಆಮೇಲೆ ಗ್ಯಾಸ್ಟ್ರಿಕ್ ಅಂತ ಗೊತ್ತಾದ್ರೂ ಇನ್ಶೂರೆನ್ಸ್ ಅದನ್ನ ಎಮರ್ಜೆನ್ಸಿ ಅಂತಾನೇ ಒಪ್ಕೋಬೇಕು ಅನ್ನೋ ಕಾನೂನಿದೆ ಅಂದೆ. ಡಿಡಕ್ಟಿಬಲ್ ಅಂದ್ಲು. ನನ್ನ ಬಾಯಿ ಕಟ್ಟೋಯ್ತು. ಬೆಳಗಿನ ಜಾವ ನಾಲ್ಕರವರೆಗೆ ಲೈಟ್ ಹಾಕ್ಕೊಂಡು ಅವಳ ಕೈ ಹಿಡ್ಕೊಂಡು ಕೂತಿದ್ದೆ, ಕಾರ್ ಕೀ ಮಡಿಲಲ್ಲೇ ಇತ್ತು.