ಕುಟುಂಬದ ಫೋಟೊಗೆ ಕಸವೋ ಪಟ್ಟೆ ಸೀರೆಯೋ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕುಟುಂಬದ ಫೋಟೊ ತೆಗೆಸುವುದು ನಿಶ್ಚಯವಾದ ಕೂಡಲೇ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಎಲ್ಲರೂ ಕಸವು, ಅಂದರೆ ಜರಿಯ ಅಂಚಿನ ಕೆನೆಬಣ್ಣದ ಕೇರಳದ ಬಟ್ಟೆ, ಉಡೋಣ ಎನ್ನುವುದು ಇಲ್ಲಿಯ ಶಾಲೆ ಕಾಲೇಜುಗಳಲ್ಲಿ ಓಣಂ ಆಚರಿಸಿಕೊಂಡು ಬೆಳೆದ ಕಿರಿಯರ ಪಕ್ಷ. ಕಪಾಟಿನ ತುಂಬ ಪಟ್ಟೆ (ರೇಷ್ಮೆ) ಸೀರೆಗಳಿರುವಾಗ ಆ ಬಿಳಿಯೇಕೆ ಎನ್ನುವುದು ಮಂಗಳೂರು, ಬೆಂಗಳೂರುಗಳಲ್ಲಿ ನೆಂಟರಿರುವ ಹಿರಿಯರ ಪಕ್ಷ. 1956ರ ನವೆಂಬರ್ 1ರಂದು ಈ ನೆಲ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ ಎಷ್ಟೋ ಸಂಗತಿಗಳಲ್ಲಿ ನಾವು ಎರಡು ರೀತಿಗಳ ನಡುವೆ ಆಯ್ದುಕೊಳ್ಳುತ್ತಲೇ ಬಂದಿದ್ದೇವೆ, ಉಡುಪೂ ಅವುಗಳಲ್ಲೊಂದು. ಬಣ್ಣಗಳ ಮೇಲಿನ ಹಿಡಿತವನ್ನು ನಾವು ಮಲಯಾಳಿ ನೆರೆಯವರಿಂದ ಕಲಿಯಬೇಕು, ಆದರೆ ಮನೆಮಂದಿಗೆಲ್ಲ ಒಂದೇ ಬಟ್ಟೆ ಎಂಬ ಪದ್ಧತಿಯನ್ನು ತರಬಾರದು ಎಂಬುದು ನನ್ನ ಅಭಿಪ್ರಾಯ.

ಕಸವಿನ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕೆನೆಬಣ್ಣದಲ್ಲಿ ನಿಂತಾಗ ನೋಡುವವರ ಕಣ್ಣು ಬಟ್ಟೆಯಲ್ಲಿ ತೊಡಕಿಕೊಳ್ಳದೆ ನೇರವಾಗಿ ಮುಖಗಳಿಗೆ ಹೋಗುತ್ತದೆ. ಯಾರ ಸೀರೆಗೆ ಎಷ್ಟು ಬೆಲೆ ಎಂಬ ಲೆಕ್ಕವೂ ಅಲ್ಲಿ ಏಳುವುದಿಲ್ಲ. ಜೊತೆಗೆ ಈ ಉಡುಪಿಗೆ ಕಾಲವೂ ಒದಗಿಬರುತ್ತದೆ. ಓಣಂ ಬರುವುದು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ, ಅಂದರೆ ಮಳೆಗಾಲ ಪೂರ್ತಿ ಮುಗಿಯದೆ ಮೋಡ ಕವಿದಿರುವ ದಿನಗಳಲ್ಲಿ. ಮೋಡದಿಂದ ಸೋಸಿ ಬರುವ ಬೆಳಕಿನಲ್ಲಿ ಬಿಳಿಯ ನೇಯ್ಗೆಯೂ ಜರಿಯ ಅಂಚೂ ತಮ್ಮ ತಮ್ಮ ಸ್ಥಾನದಲ್ಲಿ ಸೌಮ್ಯವಾಗಿ ಕಾಣುತ್ತವೆ. ಅದೇ ಉಡುಪನ್ನು ಏಪ್ರಿಲಿನ ಬಿಸು ಹಬ್ಬದ ನಡುಹಗಲಿನಲ್ಲಿ ಉಟ್ಟು ಅಂಗಳದಲ್ಲಿ ನಿಂತರೆ ಫಲ ಬೇರೆಯೇ ಆಗುತ್ತದೆ. ಕ್ಯಾಮೆರಾದ ಬೆಳಕಳತೆ ತಾನು ಕಂಡದ್ದನ್ನೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ಭಾವಿಸಿ ನಡೆಯುವುದರಿಂದ, ಚೌಕಟ್ಟಿನ ತುಂಬ ಬಿಳಿಯಿದ್ದರೆ ಅದು ಒಟ್ಟು ಚಿತ್ರವನ್ನೇ ಕಂದಿಸುತ್ತದೆ ಮತ್ತು ಮುಖಗಳು ಕಪ್ಪಾಗುತ್ತವೆ. ಮುಖವನ್ನು ಗುರುತಿಸಿ ಅದಕ್ಕೆ ತಕ್ಕಂತೆ ಬೆಳಕು ಹೊಂದಿಸುವ ಈಗಿನ ಫೋನುಗಳಲ್ಲಾದರೆ ಮುಖ ಸರಿಯಾಗಿ ಬಂದು ಸೀರೆಯ ನಿರಿಗೆಗಳೆಲ್ಲ ಅಳಿಸಿ ಬರಿಯ ಬಿಳಿಯ ಹಾಳೆಯಾಗುತ್ತವೆ. ಅಡಕೆ ತೋಟದ ನೆರಳಿನಲ್ಲಿ ನಿಂತರೆ ಸೋಗೆಗಳ ಹಸಿರು ಬಿಳಿಯ ಬಟ್ಟೆಗೆ ಇಳಿಯುತ್ತದೆ. ಅದು ಕಣ್ಣಿಗೆ ಅಷ್ಟಾಗಿ ತೋರುವುದಿಲ್ಲ, ಫೋಟೊದಲ್ಲಿ ಮಾತ್ರ ಎಲ್ಲರೂ ಕಾಯಿಲೆಯಿಂದ ಎದ್ದವರಂತೆ ಕಾಣುತ್ತಾರೆ.

ಇನ್ನೊಂದು ಆಕ್ಷೇಪ ಬೆಳಕಿಗೆ ಸಂಬಂಧಿಸಿದ್ದಲ್ಲ. ಈಗ ಅಂಗಡಿಗಳಲ್ಲಿ ತಾಯಿಯ ಸೀರೆ, ತಂದೆಯ ಅಂಗಿ, ಮಗಳ ಲಂಗ, ಮಗುವಿನ ಜುಬ್ಬ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಮಾಡಿ ಕಟ್ಟಾಗಿ ಮಾರುತ್ತಾರೆ. ಕಸವಿಗಾದರೂ ಹಿಂದೊಂದು ಆಚರಣೆಯಿದೆ. ಈ ಕಟ್ಟುಗಳಿಗೆ ಏನೂ ಇಲ್ಲ. ಹತ್ತಿರ ಕುಳಿತವರ ತೋಳುಗಳು, ಮಡಿಲಿನ ಮಗು, ಮಗುವನ್ನು ಹಿಡಿದ ತಾಯಿ ಎಲ್ಲವೂ ಒಂದರೊಳಗೊಂದು ಬೆರೆತು ಯಾರು ಎಲ್ಲಿ ಮುಗಿದರು ಎಂಬುದೇ ತಿಳಿಯದಾಗುತ್ತದೆ.

ಹಾಗೆಂದು ಕರ್ನಾಟಕದ ಕಡೆಯ ರೀತಿ ನಿರ್ದೋಷವೆಂದು ಹೇಳಲಾರೆ. ಅಲ್ಲಿಯ ಗೃಹಪ್ರವೇಶ, ಉಪನಯನಗಳ ಫೋಟೊಗಳಲ್ಲಿ ಪ್ರತಿಯೊಬ್ಬರೂ ತಮ್ಮಲ್ಲಿರುವ ಅತ್ಯುತ್ತಮ ಸೀರೆಯನ್ನೇ ಉಟ್ಟಿರುತ್ತಾರೆ, ಹಾಗಾಗಿ ಗಿಳಿಹಸಿರು, ಕುಂಕುಮಗೆಂಪು, ನವಿಲುನೀಲಿಗಳು ಒಂದೇ ಸಾಲಿನಲ್ಲಿ ನಿಂತು ಜಗಳವಾಡುತ್ತವೆ. ಅಗಲ ಜರಿಯ ಅಂಚು ಫ್ಲ್ಯಾಶಿನ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಕಡುಗೆಂಪಿನಲ್ಲಿ ಡಿಜಿಟಲ್ ಕ್ಯಾಮೆರಾ ನೇಯ್ಗೆಯ ವಿವರವನ್ನು ಬೇಗ ಕಳೆದುಕೊಳ್ಳುವುದರಿಂದ ಸಾವಿರಾರು ರೂಪಾಯಿಯ ಬುಟ್ಟಾ ಕೆಲಸ ಒಂದು ಕೆಂಪು ಮುದ್ದೆಯಾಗಿ ಉಳಿಯುತ್ತದೆ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಾಡಿಗೆಯ ಗೌನು, ಕಿರೀಟ, ರೆಕ್ಕೆಗಳನ್ನು ತೊಡಿಸುವ ಬೆಂಗಳೂರಿನ ಹೊಸ ಚಟದ ವಿಷಯದಲ್ಲಿ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಆ ಫೋಟೊಗಳಲ್ಲಿ ಮಗು ಯಾರದಾದರೂ ಆಗಬಹುದು.

ನಮ್ಮ ಚಾವಡಿಯ ಗೋಡೆಗಳಲ್ಲಿರುವ ಹಳೆಯ ಕಪ್ಪುಬಿಳುಪು ಫೋಟೊಗಳನ್ನು ಈ ದೃಷ್ಟಿಯಿಂದ ನೋಡಬೇಕು. ಅಲ್ಲಿ ಬಣ್ಣವೇ ಇಲ್ಲದಿರುವುದರಿಂದ ಕಡು ಯಾವುದು, ತಿಳಿ ಯಾವುದು ಎಂಬುದಷ್ಟೇ ಚಿತ್ರವನ್ನು ನಿಲ್ಲಿಸಿದೆ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮು ಬಳಕೆಗೆ ಬರುವ ಮೊದಲು, ಕೆಂಪನ್ನು ಕಾಣಲಾಗದ ಫಿಲ್ಮಿನಲ್ಲಿ ಕೆಂಪು ಸೀರೆ ಕಪ್ಪಾಗಿಯೂ ತಿಳಿನೀಲಿ ಬಹುತೇಕ ಬಿಳಿಯಾಗಿಯೂ ಮೂಡುತ್ತಿತ್ತು. ಹಾಗಿದ್ದರೂ ಬೇರೆ ಬೇರೆ ಬಟ್ಟೆಗಳನ್ನುಟ್ಟ ಆ ಕುಟುಂಬಗಳು ಒಂದೇ ಕುಟುಂಬವೆಂದು ಕಾಣುತ್ತವೆ. ಕಡುತಿಳಿಗಳು ಹೊಂದಿಕೊಂಡರೆ ಬಟ್ಟೆ ಒಂದೇ ಆಗಿರಬೇಕಾಗಿಲ್ಲ.

ಇದಕ್ಕೆ ಒದಗುವ ಬಟ್ಟೆ ನಮ್ಮೂರಿನಲ್ಲೇ ಇದೆ. ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಕಾಸರಗೋಡು ಸೀರೆ ಬಣ್ಣ ಹಾಕಿದ ನೂಲಿನಿಂದ ಕೈಮಗ್ಗದಲ್ಲಿ ನೇಯುವ ಹತ್ತಿಯ ಸೀರೆ. ಅದು ರೇಷ್ಮೆಯಂತೆ ಹೊಳೆಯುವುದಿಲ್ಲ, ಕರಾವಳಿಯ ಸೆಕೆಗೂ ಹೊಂದುತ್ತದೆ. ಒಂದು ಎಚ್ಚರಿಕೆ ಬೇಕು. ತೀರ ಸಣ್ಣ ಚೌಕುಳಿ ಅಥವಾ ಒತ್ತೊತ್ತಾದ ಗೀರುಗಳಿರುವ ಬಟ್ಟೆಯ ವಿನ್ಯಾಸವೂ ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಬಿಂದುಗಳ ಸಾಲೂ ಒಂದರ ಮೇಲೊಂದು ಬಿದ್ದು, ಬಟ್ಟೆಯಲ್ಲಿಲ್ಲದ ಅಲೆಗಳನ್ನು ಫೋಟೊದಲ್ಲಿ ಎಬ್ಬಿಸುತ್ತವೆ. ಅಗಲ ಚೌಕುಳಿಯನ್ನೋ ಒಡಲು ಸಾದಾ ಇದ್ದು ಅಂಚು ಮಾತ್ರ ಬೇರೆ ಬಣ್ಣದ್ದಾಗಿರುವುದನ್ನೋ ಆರಿಸಿದರೆ ಈ ತೊಂದರೆಯಿಲ್ಲ. ಎಲ್ಲಿ ನಿಲ್ಲುತ್ತೇವೆ ಎಂಬುದನ್ನೂ ಯೋಚಿಸಬೇಕು. ಕೆಳದಿಯ ನಾಯಕರ ಕಾಲದ ಬೇಕಲ ಕೋಟೆ ಈಗ ಎಲ್ಲರ ಫೋಟೊಗಳ ತಾಣವಾಗಿದೆಯಷ್ಟೇ. ಆ ಮುರಕಲ್ಲಿನ ಗೋಡೆಯ ಮುಂದೆ ಕಾವಿ, ಕಂದು, ಇಟ್ಟಿಗೆಗೆಂಪು ಉಟ್ಟವರು ಗೋಡೆಯೊಳಗೇ ಸೇರಿಹೋಗುತ್ತಾರೆ. ಅಲ್ಲಿಗೆ ಮಂದ ನೀಲಿ, ಬೂದು, ಎಲೆಹಸಿರು, ಕೆನೆಬಣ್ಣ ಒಪ್ಪುತ್ತವೆ.

ಮಕ್ಕಳ ಬಟ್ಟೆಯ ವಿಷಯದಲ್ಲಿ ಗಡಿಯ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಾರೆ: ಬೆಳೆಯುವ ಮಗುವೆಂದು ಒಂದು ಅಳತೆ ದೊಡ್ಡದನ್ನು ಕೊಳ್ಳುತ್ತಾರೆ. ನಿತ್ಯದ ಬಳಕೆಗೆ ಅದು ಸರಿಯಾದ ಲೆಕ್ಕವೇ, ಫೋಟೊಗೆ ಮಾತ್ರ ಅಲ್ಲ. ಹೆಗಲಿನ ಹೊಲಿಗೆ ತೋಳಿಗೆ ಇಳಿದು, ಕುಳಿತಾಗ ಕಾಲರು ಗಲ್ಲದವರೆಗೆ ಏರಿ, ಮಗುವಿನ ಕುತ್ತಿಗೆಯೇ ಮಾಯವಾಗುತ್ತದೆ. ಜರಿಯ ಅಂಚು ಕುತ್ತಿಗೆಗೆ ಚುಚ್ಚುವ ಹೊಸ ಲಂಗವನ್ನು ಫೋಟೊಗ್ರಾಫರು ಬಂದ ಮೇಲೆ ಮೊದಲ ಸಲ ತೊಡಿಸಿ ಮಗು ಅಳುತ್ತದೆಂದು ಗದರುವುದಕ್ಕಿಂತ, ಹಿಂದಿನ ವಾರವೇ ಒಂದೆರಡು ಸಲ ತೊಡಿಸಿ ಒಗೆದಿಡುವುದು ಮೇಲು, ಒಳಗೆ ಮೆತ್ತನೆಯ ಹತ್ತಿಯ ಅಂಗಿಯೊಂದಿದ್ದರೆ ಇನ್ನೂ ಮೇಲು. ಎದೆಯ ಮೇಲೆ ಅಕ್ಷರಗಳೋ ಕಾರ್ಟೂನ್ ಬೊಂಬೆಗಳೋ ಇರುವ ಅಂಗಿ ಬೇಡ, ನೋಡುವವರು ಮೊದಲು ಅದನ್ನೇ ಓದುತ್ತಾರೆ. ಕಣ್ಣು ಕುಕ್ಕುವ ಗುಲಾಬಿ, ಹಳದಿಗಳ ಬಣ್ಣ ಗಲ್ಲದ ಕೆಳಭಾಗಕ್ಕೆ ಪ್ರತಿಫಲಿಸಿ ಮೈಬಣ್ಣವನ್ನು ಕೆಡಿಸುತ್ತದೆ. ದೃಷ್ಟಿಬೊಟ್ಟು ಇರಲಿ.

ಆರಿಸಿದ ಬಟ್ಟೆಗಳನ್ನೆಲ್ಲ ಹಿಂದಿನ ದಿನ ಚಾಪೆಯ ಮೇಲೆ, ಯಾರ ಪಕ್ಕ ಯಾರು ನಿಲ್ಲುತ್ತಾರೋ ಅದೇ ಕ್ರಮದಲ್ಲಿ ಹರಡಿ, ಫೋನಿನಲ್ಲಿ ಒಂದು ಫೋಟೊ ತೆಗೆದು ಅದನ್ನು ಕಪ್ಪುಬಿಳುಪಿಗೆ ಬದಲಿಸಿ ನೋಡಿದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ. ಒಂದೇ ಒಂದು ಬಟ್ಟೆ ಉಳಿದವುಗಳ ನಡುವೆ ಬೆಳ್ಳಗೆ ಎದ್ದು ಕಂಡರೆ ಅದನ್ನು ಬದಲಿಸಬೇಕು, ಇಲ್ಲವೇ ಅದನ್ನು ಉಟ್ಟವರನ್ನು ನಡುವೆ ಕೂರಿಸಬೇಕು. ಬಿಳಿ ಪಂಚೆ, ಬಿಳಿ ಶಾಲು ಬಿಟ್ಟು ಬೇರೇನನ್ನೂ ಉಡುವುದಿಲ್ಲವೆಂದು ಅಜ್ಜ ಹಟ ಹಿಡಿದರೆ ಚಿಂತೆಯಿಲ್ಲ, ನಡುವಿನ ಕುರ್ಚಿ ಹೇಗೂ ಅವರದೇ.