ಉಸಿರು ಎಳೆದುಕೊಳ್ಳಿ, ಬಸ್ಸು ಮಡಿವಾಳದಲ್ಲಿದೆ

ದೀಪಾವಳಿಗೆ ಇನ್ನು ಎರಡು ವಾರ ಅನ್ನುವಾಗ ಬೆಂಗಳೂರಿನ ಆಫೀಸುಗಳಿಗೆ ಒಂದು ಮೇಲ್ ಬರುತ್ತದೆ. ಮೇಲೆ ಹಣತೆ, ಕೆಳಗೆ ಕಣ್ಣು ಮುಚ್ಚಿ ಪದ್ಮಾಸನ ಹಾಕಿದ ಹುಡುಗಿ. ‘ಒತ್ತಡ ಬಿಡಿ, ಹಬ್ಬದ ಖುಷಿ ಹಿಡಿಯಿರಿ’ ಅಂತ ಒಂದು ಗಂಟೆಯ ವೆಬಿನಾರ್. ಹಾಜರಿ ಕಡ್ಡಾಯ. ಖುಷಿಪಡುವುದಕ್ಕೆ ಹಾಜರಿ ಯಾಕ್ರೀ ಅಂತ ಕೇಳಬಾರದು. ಕೇಳಿದವರಿಗೆ ಒತ್ತಡ ಜಾಸ್ತಿಯಾಗಿದೆ ಅಂತ ತೀರ್ಮಾನಿಸಿ, ಇನ್ನೊಂದು ವೆಬಿನಾರ್‌ಗೆ ಹೆಸರು ಬರೆದುಕೊಳ್ಳುತ್ತಾರೆ.

ಮೇಲ್ ಅಷ್ಟು ಮುಂಚೆ ಬಂದರೂ ವೆಬಿನಾರ್ ಇಡುವುದು ಮಾತ್ರ ಜನ ಊರಿಗೆ ಹೊರಡುವ ಹಿಂದಿನ ದಿನ, ಬೆಳಿಗ್ಗೆ ಸರಿಯಾಗಿ 11ಕ್ಕೆ. ರೈಲಿನ ಎ.ಸಿ. ಬೋಗಿಗಳ ತತ್ಕಾಲ್ 10ಕ್ಕೆ ತೆರೆದರೆ, ನಮ್ಮಂಥವರ ಸ್ಲೀಪರ್ ತತ್ಕಾಲ್ ತೆರೆಯುವುದು 11ಕ್ಕೇ. ವೆಬಿನಾರ್ ನಡೆಸುವ ಕೋಚ್ ಶುರು ಮಾಡುತ್ತಾರೆ: “ಕಣ್ಣು ಮುಚ್ಚಿ. ಉಸಿರು ಒಳಗೆ ಎಳೆದುಕೊಳ್ಳಿ. ಅಲ್ಲೇ ಹಿಡಿಯಿರಿ.” ಎಲ್ಲರ ಕ್ಯಾಮೆರಾ ಆಫ್. ಆಧಾರ್ ಓಟಿಪಿಗೆ ಕಾಯುತ್ತಿರುವವರ ಉಸಿರು ಹೇಗಿದ್ದರೂ ನಿಂತೇ ಇರುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. “ಈಗ ನಿಧಾನವಾಗಿ ಬಿಡಿ” ಅನ್ನುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಮೈಕ್ ಮ್ಯೂಟ್ ಮಾಡಲು ಮರೆತ ಯಾರೋ ಪುಣ್ಯಾತ್ಮ ಒಂದು ಅಪ್ಪಟ ಕನ್ನಡ ಬೈಗುಳ ಬೈದ. ಕೋಚ್‌ಗೆ ಕನ್ನಡ ಬರುವುದಿಲ್ಲ. “ವೆರಿ ಗುಡ್, ಒಳಗಿರುವುದೆಲ್ಲ ಹೊರಗೆ ಬರಲಿ” ಅಂದರು.

ರೈಲ್ವೆಯವರನ್ನು ಬೈದು ಪ್ರಯೋಜನವಿಲ್ಲ ಬಿಡಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಅರವತ್ತು ದಿನ ಮೊದಲೇ ನಿರ್ಧಾರ ಮಾಡಿ ಅಂತ ಅವರು ಹೇಳುತ್ತಾರೆ. ನಮ್ಮ ಮ್ಯಾನೇಜರ್ ನಿರ್ಧಾರ ಮಾಡುವುದು ಎರಡು ದಿನ ಮೊದಲು. ಅಲ್ಲಿಯವರೆಗೆ ರಜೆ ಅರ್ಜಿಗೆ ಅವರದು ಒಂದೇ ಉತ್ತರ: “ನೋಡೋಣ.” ಈ ‘ನೋಡೋಣ’ ಮತ್ತು ಆ ಅರವತ್ತು ದಿನದ ನಡುವೆ ಬೆಳೆಯುವುದಕ್ಕೇ ಒತ್ತಡ ಅನ್ನುತ್ತಾರೆ. “ನಿಮ್ಮ ಕೈಯಲ್ಲಿ ಇಲ್ಲದ್ದರ ಬಗ್ಗೆ ಚಿಂತೆ ಬಿಡಿ” ಅಂತ ಕೋಚ್ ಹೇಳಿದ್ದು ನಿಜ. ರಜೆ ನಮ್ಮ ಕೈಯಲ್ಲಿಲ್ಲ. ಯಾರ ಕೈಯಲ್ಲಿದೆಯೋ ಅವರೇ ಕೋಚ್‌ಗೆ ಫೀಸು ಕೊಟ್ಟವರು.

ರೈಲು ಕೈಕೊಟ್ಟ ಮೇಲೆ ಉಳಿಯುವುದು ಬಸ್ಸು. ಕೆಎಸ್‌ಆರ್‌ಟಿಸಿಯವರು ಪಾಪ ದಸರಾ, ದೀಪಾವಳಿಯಂಥ ದೊಡ್ಡ ಹಬ್ಬಕ್ಕೆ ಸಾವಿರಕ್ಕೂ ಹೆಚ್ಚು ವಿಶೇಷ ಬಸ್ ಬಿಡುತ್ತಾರೆ. ನಾಲ್ಕು ಜನ ಒಟ್ಟಿಗೆ ಬುಕ್ ಮಾಡಿದರೆ 5% ರಿಯಾಯಿತಿ, ಹೋಗಿ ಬರುವುದಕ್ಕೆ ಒಟ್ಟಿಗೆ ಮಾಡಿಸಿದರೆ 10% ಅಂತ ಪ್ರಕಟಣೆಯಲ್ಲಿ ಬರುತ್ತದೆ. ಸೀಟು ಸಿಕ್ಕವನಿಗೆ ತಾನೇ ರಿಯಾಯಿತಿ? ಉಳಿದವರು ಖಾಸಗಿ ಬಸ್ಸಿನ ಆ್ಯಪ್ ತೆರೆಯುತ್ತಾರೆ. ಮಾಮೂಲಿ ದಿನ ಆರೇಳು ನೂರಕ್ಕೆ ಹೋಗುವ ಸೀಟು ಹಬ್ಬದ ಹಿಂದಿನ ಸಂಜೆ ಎರಡು ಸಾವಿರ ದಾಟಿ ಕೂತಿರುತ್ತದೆ. ದುಬಾರಿ ಆಯ್ತು ಅಂತ ಆ್ಯಪ್ ಮುಚ್ಚಿ ಚಹಾ ಕುಡಿದು ಬಂದರೆ ಇನ್ನೂ ಮುನ್ನೂರು ಏರಿರುತ್ತದೆ. ಆ ಚಹಾದ ಬೆಲೆ ಮುನ್ನೂರ ಹದಿನೈದು.

ಸರ್ಕಾರ ಸುಮ್ನೆ ಕೂತಿದೆ ಅಂದುಕೊಳ್ಳಬೇಡಿ. ಗಣೇಶನ ಹಬ್ಬಕ್ಕೆ, ದಸರಾಕ್ಕೆ, ದೀಪಾವಳಿಗೆ, ಕ್ರಿಸ್‌ಮಸ್‌ಗೆ ತಪ್ಪದೆ ಎಚ್ಚರಿಕೆ ಕೊಡುತ್ತದೆ: ‘ಹೆಚ್ಚು ದರ ವಸೂಲಿ ಮಾಡಿದರೆ ಕಠಿಣ ಕ್ರಮ.’ ಎಚ್ಚರಿಕೆ ಪೇಪರಿನಲ್ಲಿ ಬಂದ ದಿನವೇ ದರ ಏರುತ್ತದೆ. ಬಸ್ಸಿನವರು ಅದನ್ನು ಎಚ್ಚರಿಕೆ ಅಂತ ಓದುವುದೇ ಇಲ್ಲ, ಸೀಸನ್ ಶುರುವಾಯಿತು ಅನ್ನುವ ಜ್ಞಾಪಕ ಪತ್ರ ಅಂತ ಓದುತ್ತಾರೆ.

ಕ್ರಮ ಯಾಕೆ ಆಗುವುದಿಲ್ಲ ಅಂತ ಕೆದಕಿದರೆ ಸಿಗುವುದು ಇನ್ನೂ ಸೊಗಸಾದ ವಿಷಯ. ಸರ್ಕಾರ ದರ ನಿಗದಿ ಮಾಡುವುದು ಸ್ಟಾಪಿಗೆ ನಿಲ್ಲಿಸಿ, ಟಿಕೆಟ್ ಹರಿದು ಕೊಡುವ ಬಸ್ಸುಗಳಿಗೆ. ಈ ಮಲಗುವ ಬಸ್ಸುಗಳಲ್ಲಿ ಬಹುಪಾಲು ಓಡುವುದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಂಥ ಬಸ್ಸನ್ನು ಒಂದು ಗುಂಪು ಇಡಿಯಾಗಿ ಬಾಡಿಗೆಗೆ ಹಿಡಿಯಬೇಕು. ದಾರಿಯಲ್ಲಿ ಕಂಡಕಂಡವರನ್ನು ಹತ್ತಿಸಿಕೊಳ್ಳುವ ಹಾಗಿಲ್ಲ. ಅಂದರೆ ಆನಂದರಾವ್ ಸರ್ಕಲ್‌ನಲ್ಲಿ ಹತ್ತಿದ ನಾನು, ಯಶವಂತಪುರದಲ್ಲಿ ಹತ್ತಿದ ಅಜ್ಜ, ಮೇಲಿನ ಬರ್ತಿನಲ್ಲಿ ಮುಸುಕು ಹಾಕಿಕೊಂಡು ಫೋನಿನಲ್ಲಿ ಜಗಳವಾಡುತ್ತಿರುವ ಹುಡುಗ, ಎಲ್ಲರೂ ಕಾನೂನಿನ ಕಣ್ಣಿಗೆ ಒಂದೇ ಕಡೆಯವರು. ಒಟ್ಟಾಗಿ ಮಾತಾಡಿಕೊಂಡು, ಒಟ್ಟಾಗಿ ಚೌಕಾಸಿ ಮಾಡಿ, ಖುಷಿಯಿಂದ ತಲೆಗೆ ಎರಡು ಸಾವಿರ ಹಾಕಿಕೊಂಡು ಹೊರಟ ದಿಬ್ಬಣ. ವರ ಯಾರು ಅಂತ ಮಾತ್ರ ಗೊತ್ತಿಲ್ಲ. ಬಹುಶಃ ಡ್ರೈವರ್ ಇರಬೇಕು. ಎಲ್ಲರೂ ಅವನನ್ನೇ ಕಾಯುತ್ತಿರುತ್ತಾರೆ.

ಕಾಯುವ ಸಂಭ್ರಮವನ್ನು ಆನಂದರಾವ್ ಸರ್ಕಲ್‌ನ ಫುಟ್‌ಪಾತಿನ ಮೇಲೇ ನೋಡಬೇಕು. ರಾತ್ರಿ ಒಂಬತ್ತೂವರೆ. ಸೂಟ್‌ಕೇಸುಗಳ ಮೇಲೆ ಸೂಟ್‌ಕೇಸು, ಅದರ ಮೇಲೆ ಆಫೀಸಿನಲ್ಲಿ ಕೊಟ್ಟ ಸೋನ್ ಪಾಪ್ಡಿ ಡಬ್ಬ. (ಆ ಡಬ್ಬ ಊರಿಗೆ ಹೋಗಿ, ಅತ್ತೆ ಮನೆಗೆ ಹೋಗಿ, ಅಲ್ಲಿಂದ ಭಟ್ಟರ ಮನೆಗೆ ಹೋಗುತ್ತದೆ. ಅದರಷ್ಟು ಸಲೀಸಾಗಿ ಹಬ್ಬದಲ್ಲಿ ಓಡಾಡುವವರು ಯಾರೂ ಇಲ್ಲ.) ಫೋನ್ ಮಾಡಿದರೆ ಕ್ಲೀನರ್ ಹುಡುಗ, “ಎರಡೇ ನಿಮಿಷ ಸಾರ್, ಮಡಿವಾಳ ಬಿಟ್ವಿ” ಅನ್ನುತ್ತಾನೆ. ಹತ್ತಕ್ಕೆ ಮಾಡಿದರೂ ಮಡಿವಾಳ. ಹತ್ತೂ ಇಪ್ಪತ್ತಕ್ಕೂ ಮಡಿವಾಳ. ಟ್ರ್ಯಾಕಿಂಗ್ ಲಿಂಕ್ ಒತ್ತಿದರೆ ಬಸ್ಸು ಹೊಸೂರಿನ ಕಡೆ ಮುಖ ಮಾಡಿ ನಿಂತಿರುತ್ತದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಮಗನಿಗೆ, “ಬಂತು ನೋಡು ಬಂತು” ಅಂತ ಪ್ರತಿ ಬಸ್ಸಿಗೂ ಹೇಳಿ ಹೇಳಿ ಸಾಕಾಗಿ, ಕೊನೆಗೆ ನಿಜವಾಗಿ ಬಂದಾಗ ಅವನು ನಂಬಲೇ ಇಲ್ಲ.

ಹತ್ತಿದ ಮೇಲೆ ಕೋಚ್ ಹೇಳಿದ ಇನ್ನೊಂದು ಮಾತು ನೆನಪಾಗುತ್ತದೆ: “ಈ ಕ್ಷಣದಲ್ಲಿ ಬದುಕಿ.” ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಬೇರೆ ದಾರಿಯೇ ಇಲ್ಲ. ಮುಂದಿನ ಕ್ಷಣ ಬರುವುದೇ ಇಲ್ಲವಲ್ಲ! ಊರಿಗೆ ಹೊರಟ ಅರ್ಧ ಬೆಂಗಳೂರು ಪೀಣ್ಯದ ಫ್ಲೈಓವರ್ ಮೇಲೆ, ಇನ್ನರ್ಧ ಅದರ ಕೆಳಗೆ. ಮುಂದಿನ ಲಾರಿಯ ಹಿಂಬದಿಯ ಸಾಹಿತ್ಯ ಬಾಯಿಪಾಠವಾಗುವಷ್ಟು ಹೊತ್ತು ಅಲ್ಲೇ ಧ್ಯಾನ.

ಊರು ಮುಟ್ಟಿದ ಮೇಲಾದರೂ ನೆಮ್ಮದಿ ಅಂದರೆ, 2025ರ ದೀಪಾವಳಿಯ ಕ್ಯಾಲೆಂಡರ್ ನೆನಪಿಸಿಕೊಳ್ಳಿ. ಅಕ್ಟೋಬರ್ 20, ಸೋಮವಾರ ನರಕ ಚತುರ್ದಶಿಗೆ ಸರ್ಕಾರಿ ರಜೆ. 22, ಬುಧವಾರ ಬಲಿಪಾಡ್ಯಮಿಗೆ ರಜೆ. ನಡುವಿನ ಮಂಗಳವಾರ ಕೆಲಸದ ದಿನ. ಅಮಾವಾಸ್ಯೆ ಸೋಮವಾರ ಮಧ್ಯಾಹ್ನ ಶುರುವಾಗಿ ಮಂಗಳವಾರ ಸಂಜೆ ಮುಗಿಯುತ್ತಿತ್ತು. ಲಕ್ಷ್ಮೀಪೂಜೆ ಯಾವತ್ತು ಅಂತ ಮನೆಮನೆಯ ವಾಟ್ಸಾಪ್ ಗುಂಪುಗಳಲ್ಲಿ ಪಂಚಾಂಗಗಳೇ ಕುಸ್ತಿಗೆ ಬಿದ್ದವು. ಆಫೀಸಿನವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಮಂಗಳವಾರ ವರ್ಕ್ ಫ್ರಮ್ ಹೋಮ್ ಕೊಟ್ಟಿದ್ದೇವಲ್ಲ, ಮತ್ತೇನು?

ಮಲೆನಾಡಿನ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ. ಮನೆಯವರೆಲ್ಲ ಗೋಪೂಜೆಗೆ ಚೆಂಡು ಹೂವಿನ ಹಾರ ಕಟ್ಟುತ್ತಿದ್ದಾಗ, ಹುಲ್ಲಿನ ಬಣವೆಗೆ ಲ್ಯಾಪ್‌ಟಾಪ್ ಒರಗಿಸಿ ಮೀಟಿಂಗ್. ಎರಡು ಸಲ ಕರು ಬಂದು ಚಾರ್ಜರ್ ವೈರು ನೆಕ್ಕಿತು. ಅಮ್ಮ ಅಲ್ಲಿಂದಲೇ ಕೂಗಿದಳು: “ನೀ ಹಬ್ಬಕ್ಕೆ ಬಂದದ್ದೋ, ನಮ್ಮನೆಯಲ್ಲಿ ಆಫೀಸು ತೆರೆಯೋಕೆ ಬಂದದ್ದೋ?” ಆ ಕಡೆಯಿಂದ ಮ್ಯಾನೇಜರ್, “ಹಿಂದೆ ಏನದು ಸದ್ದು? ಎಂಥ ಶಾಂತ ವಾತಾವರಣ! ನೀವು ಪುಣ್ಯವಂತರು ಕಣ್ರೀ” ಅಂದರು. ಅಂದವರೇ ಇನ್ನೊಂದು ಫೈಲು ಕಳಿಸಿದರು.

ರಾತ್ರಿ ಅಂಟಿಗೆ-ಪಿಂಟಿಗೆಯವರು ದೀಪ ಹಿಡಿದು, ಹಾಡುತ್ತಾ ಬಾಗಿಲಿಗೆ ಬಂದರು. ಮನೆಮನೆಗೆ ನಡೆದುಕೊಂಡೇ ಹೋಗುತ್ತಾರೆ. ಅವರಿಗೆ ತತ್ಕಾಲ್ ಬೇಡ, ಟ್ರ್ಯಾಕಿಂಗ್ ಲಿಂಕ್ ಬೇಡ. ಒತ್ತಡ ಕಳೆಯುವ ಬಗೆ ಯಾರೂ ಅವರಿಗೆ ಕಲಿಸಿದ ಹಾಗೆ ಕಾಣಲಿಲ್ಲ. ಒಂದು ಪದ ಕೇಳಿ, ಎರಡನೆಯದಕ್ಕೆ ಕೂರುವಷ್ಟರಲ್ಲಿ ವಾಪಸ್ ಬಸ್ಸಿನ ದರ ಏರುತ್ತಿದೆ ಅಂತ ಫೋನ್ ಕಿಣಿಕಿಣಿ ಅಂದಿತು.

ಸಂಕ್ರಾಂತಿಯ ರೈಲು ಟಿಕೆಟ್ ನವೆಂಬರ್ ನಡುವಿನಲ್ಲೇ ತೆರೆಯುತ್ತದೆ. ಈ ಸಲ ಜಾಣನಾಗೋಣ ಅಂತ ಬಂದ ಮಾರನೇ ದಿನವೇ ರಜೆಗೆ ಅರ್ಜಿ ಹಾಕಿದೆ. ಸಂಜೆಯೊಳಗೆ ಉತ್ತರವೂ ಬಂತು. ‘ನೋಡೋಣ’ ಅಂದಿದ್ದಾರೆ.