ಬಲ್ಬು ಆರಿತು, ಪಂಪು ಓಡುತ್ತಿದೆ

ನೀರಾವರಿ ಜಮೀನುಗಳಲ್ಲಿ ವಿದ್ಯುತ್ ಉಳಿಸುವ ಅಭಿಯಾನಕ್ಕೆ ಹೊರಟ ತಜ್ಞರ ತಂಡವು ಪಂಪ್‌ಮನೆಗೆ ಕಾಲಿಟ್ಟೊಡನೆ ಮಾಡುವ ಮೊದಲ ಪುಣ್ಯಕಾರ್ಯವೆಂದರೆ, ಹಾಡಹಗಲಲ್ಲೂ ಉರಿಯುತ್ತಿರುವ ಬಲ್ಬನ್ನು ಆರಿಸಿ, ಅದರ ಕೆಳಗೆ ‘ಅನಗತ್ಯ ದೀಪ ಆರಿಸಿ’ ಎಂಬ ಚೀಟಿ ಅಂಟಿಸುವುದು. ಅಲ್ಲಿಗೆ 9 ವ್ಯಾಟ್ ಉಳಿಯಿತು. ಪಕ್ಕದಲ್ಲೇ 10 ಅಶ್ವಶಕ್ತಿಯ, ಅಂದರೆ ಸುಮಾರು 7,500 ವ್ಯಾಟ್‌ನ ಮೋಟಾರು ಗುಂಯ್‌ಗುಡುತ್ತಿರುತ್ತದೆ. ಆದರೆ ಅದರ ಮೈಮೇಲೆ ದಕ್ಷತೆಯ ನಕ್ಷತ್ರಗಳಿರುವುದರಿಂದ ಅದನ್ನು ಯಾರೂ ಏನೂ ಕೇಳುವುದಿಲ್ಲ.

ಮೋಟಾರಿನಾಚೆಯ ವೈಭವ ಇನ್ನೂ ದೊಡ್ಡದು. ಬೇಕಾದದ್ದಕ್ಕಿಂತ ದೊಡ್ಡ ಪಂಪು ಕೂರಿಸಿ, ನೀರು ರಭಸವಾಯಿತೆಂದು ಗೇಟ್ ವಾಲ್ವನ್ನು ಮುಕ್ಕಾಲು ಪಾಲು ಮುಚ್ಚಿಡಲಾಗಿದೆ. ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು ಎತ್ತಿಗೆ ಚಾಟಿ ಬೀಸುವ ಈ ವಿದ್ಯೆಗೆ ವರದಿಯಲ್ಲಿ ‘ಹರಿವಿನ ನಿಯಂತ್ರಣ’ ಎಂದು ಹೆಸರು. ನೀರನ್ನು ಹೆಚ್ಚು ಎತ್ತರಕ್ಕೆ ಏರಿಸಬೇಕಿಲ್ಲದ ಕಡೆ ಪಂಪಿನ ವೇಗವನ್ನೇ ಐದನೇ ಒಂದು ಪಾಲು ತಗ್ಗಿಸಿದರೆ ಅದು ಬೇಡುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ತಜ್ಞರಿಗೆ ತಿಳಿಯದ್ದೇನಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದವರೇ ಅವರು. ಕೊಳವೆಯ ವ್ಯಾಸ ಅರ್ಧವಾದರೆ ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟಾಗುತ್ತದೆಂಬುದೂ ಗೊತ್ತು. ಆದರೂ ಸಪೂರ ಕೊಳವೆಯ ಜಾಯಿಂಟಿಗೆ ಸುತ್ತಿದ ಹಳೆಯ ಟ್ಯೂಬಿನ ಸಂದಿನಿಂದ ನೀರು ಚಿಮ್ಮಿ, ಅದರಡಿ ಹುಲುಸಾಗಿ ಬೆಳೆದ ಹುಲ್ಲನ್ನು ಕಂಡಾಗ, ಅವರು ‘ಪರಿಸರಸ್ನೇಹಿ’ ಎಂದು ಫೋಟೋ ತೆಗೆದುಕೊಂಡರು.

ಬೆಳೆಗೆ ಇಂದು ನೀರು ಬೇಕೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಗೇಣುದ್ದ ಅಗೆದು ಒಂದು ಹಿಡಿ ಮಣ್ಣನ್ನು ಹಿಸುಕಿದ್ದರೆ ಅದು ಉಂಡೆಯಾಗಿ ಅಂಗೈಗೇ ಅಂಟಿಕೊಳ್ಳುತ್ತಿತ್ತು. ಆದರೆ ಕೈ ಕೆಸರಾದರೆ ನಮೂನೆ ತುಂಬುವುದು ಹೇಗೆ? ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಕನಿಷ್ಠ 0.27 ಯೂನಿಟ್ ಬೇಕು, ಅರ್ಧ ದಕ್ಷತೆಯ ಪಂಪಾದರೆ ಅದರ ಎರಡರಷ್ಟು. ಎತ್ತದೇ ಬಿಟ್ಟ ನೀರಿಗೆ ಸೊನ್ನೆ. ಇಷ್ಟು ಅಗ್ಗದ ಉಳಿತಾಯಕ್ಕೆ ನಮೂನೆಯಲ್ಲಿ ಅಂಕಣವೇ ಇಲ್ಲ, ಏಕೆಂದರೆ ಅದನ್ನು ಖರೀದಿಸಲು ಟೆಂಡರ್ ಕರೆಯಲಾಗದು.

ಕೊನೆಯ ಸಾಲಿನ ಗಿಡಗಳಿಗೆ ನೀರು ತಲುಪುತ್ತಿಲ್ಲವೆಂಬ ದೂರನ್ನು ಸಹಾನುಭೂತಿಯಿಂದ ಪರಿಶೀಲಿಸಿದ ತಂಡವು, ಇನ್ನೂ ಹೆಚ್ಚು ನಕ್ಷತ್ರಗಳಿರುವ 15 ಅಶ್ವಶಕ್ತಿಯ ಮೋಟಾರನ್ನು ಶಿಫಾರಸು ಮಾಡಿದೆ. ವಾಲ್ವು ಹಳೆಯದೇ ಸಾಕು; ಇನ್ನೊಂದು ಸುತ್ತು ಬಿಗಿದರಾಯಿತು.